ಇಂಜೆಕ್ಷನ್ ಕನ್ವರ್ಶನ್: ಫ್ಯೂಯಲ್ ಪಂಪು ಇನ್ನು ಟ್ಯಾಂಕಿನೊಳಗೇ

ಭೋಸರಿ, ಪುಣೆ

ಮಾನ್ಯ ಗ್ರಾಹಕರೇ, ನಮಸ್ಕಾರ.

ಹಳೆ ಟ್ರಕ್ಕುಗಳ ಕಾರ್ಬ್ಯುರೇಟರ್ ತೆಗೆದು ಫ್ಯೂಯಲ್ ಇಂಜೆಕ್ಷನ್ ಕೂರಿಸುವ ಕೆಲಸದಲ್ಲಿ ಮುಂದಿನ ತಿಂಗಳ 1ನೇ ತಾರೀಖಿನಿಂದ ಒಂದು ಬದಲಾವಣೆ ಮಾಡುತ್ತಿದ್ದೇವೆ. ಇಲ್ಲಿಯವರೆಗೆ ಫ್ಯೂಯಲ್ ಪಂಪನ್ನು ಟ್ಯಾಂಕಿನ ಪಕ್ಕದಲ್ಲಿ ಚಾಸಿಗೆ ಬಿಗಿಯುತ್ತಿದ್ದೆವು. ಇನ್ನು ಮೇಲೆ ಅದು ಟ್ಯಾಂಕಿನೊಳಗೆ, ಪೆಟ್ರೋಲಿನಲ್ಲಿ ಮುಳುಗಿಯೇ ಇರುತ್ತದೆ. ಚಾಸಿ ಮೇಲೆಯೇ ಹಾಕಿಕೊಡಿ ಎಂದರೆ ಆ ಕೆಲಸ ಹಿಡಿಯುವುದಿಲ್ಲ. ಟ್ಯಾಂಕ್ ಇಳಿಸಬೇಕಾದ್ದರಿಂದ ಗಾಡಿ ಒಂದು ದಿನ ಹೆಚ್ಚು ನಿಲ್ಲುತ್ತದೆ, ಖರ್ಚೂ ಏರುತ್ತದೆ. ಹಾಗಾಗಿ ಕಾರಣವನ್ನು ಬಿಡಿಸಿ ಹೇಳುವುದು ನಮ್ಮ ಹೊಣೆ.

ನಮ್ಮಲ್ಲಿಗೆ ಹೆಚ್ಚಾಗಿ ಬರುವುದು ಮಿಲಿಟರಿ ಹರಾಜಿನ ನಿಸ್ಸಾನ್ ಒನ್‌ಟನ್ ಟ್ರಕ್ಕು ಮತ್ತು ಜೋಂಗಾ ಜೀಪು. ಆಗೊಮ್ಮೆ ಈಗೊಮ್ಮೆ ಮುಂಬೈ ಕುರ್ಲಾದಲ್ಲಿ ಪ್ರೀಮಿಯರ್‌ನವರು ಕಟ್ಟಿದ ಡಾಡ್ಜ್, ಫಾರ್ಗೋ. ಈ ಎಂಜಿನ್‌ಗಳ ಮೂಲ ಪಂಪು ಕ್ಯಾಮ್‌ಶಾಫ್ಟಿನಿಂದ ಓಡುತ್ತದೆ. ಸುಮಾರು 0.3 ಬಾರ್ ಒತ್ತಡ ಕೊಟ್ಟರೆ ಕಾರ್ಬ್ಯುರೇಟರಿಗೆ ಅಷ್ಟೇ ಸಾಕು. ಕಾರ್ಬ್ಯುರೇಟರಿನ ಜಾಗದಲ್ಲಿ ನಾವು ಕೂರಿಸುವ, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳಿರುವ ಥ್ರಾಟಲ್ ಬಾಡಿಗೆ ಬೇಕಿರುವುದು 4 ಬಾರ್, ಅದೂ ಏರಿಳಿತವಿಲ್ಲದೆ. ಅದಕ್ಕೇ ಎಲೆಕ್ಟ್ರಿಕ್ ಪಂಪು.

ಈ ಪಂಪು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ದುರ್ಬಲ. ಹೊರಗಿನಿಂದ ಪೈಪಿನ ಮೂಲಕ ಎಳೆಯುವಾಗ ಆ ಪೈಪಿನಲ್ಲಿ ಒತ್ತಡ ಇಳಿಯುತ್ತದೆ. ಒತ್ತಡ ಇಳಿದಲ್ಲಿ ಬಿಸಿ ಪೆಟ್ರೋಲ್ ಬೇಗ ಕುದಿಯುತ್ತದೆ. ಮೇ ತಿಂಗಳ ಮಧ್ಯಾಹ್ನ, ಖಂಬಾಟ್ಕಿ ಘಾಟಿನಲ್ಲಿ ಎರಡನೇ ಗೇರಿನಲ್ಲಿ ಏರುತ್ತಿರುವಾಗ ಟ್ಯಾಂಕಿನಲ್ಲಿ ಕಾಲು ಭಾಗ ಮಾತ್ರ ಇದ್ದರೆ ಪಂಪಿಗೆ ಪೆಟ್ರೋಲಿನ ಬದಲು ಆವಿಯೇ ಸಿಗುತ್ತದೆ. ಒತ್ತಡ 4ರಿಂದ 2 ಬಾರ್‌ಗೆ ಬಿದ್ದರೂ ಇಂಜೆಕ್ಟರ್ ಮೊದಲಿನಷ್ಟೇ ಹೊತ್ತು ತೆರೆದಿರುತ್ತದೆ, ಪೆಟ್ರೋಲ್ ಮಾತ್ರ ಕಡಿಮೆ ಬೀಳುತ್ತದೆ. ಎಂಜಿನ್ ಮುಗ್ಗರಿಸಿ ನಿಲ್ಲುತ್ತದೆ. ಅರ್ಧ ಗಂಟೆ ಆರಲು ಬಿಟ್ಟರೆ ಏನೂ ಆಗದವರಂತೆ ಸ್ಟಾರ್ಟ್ ಆಗುತ್ತದೆ. ಇದನ್ನು ಕಂಡವರು ಇಗ್ನಿಷನ್ ಕಾಯಿಲ್ ಬದಲಿಸುತ್ತಾರೆ, ಇಂಜೆಕ್ಷನ್ ನಡೆಸುವ ಕಂಪ್ಯೂಟರ್ ಆದ ಇಸಿಯು ಮೇಲೆ ಅನುಮಾನ ಪಡುತ್ತಾರೆ. ರೋಗ ಇರುವುದು ಪಂಪಿನ ಹಿಂದಿನ ಆ ಒಂದಡಿ ಪೈಪಿನಲ್ಲಿ. ಪಂಪು ಪೆಟ್ರೋಲಿನೊಳಗೇ ಇದ್ದರೆ ಎಳೆಯುವ ಮಾತೇ ಇಲ್ಲ. ಸುತ್ತಲಿನ ಪೆಟ್ರೋಲೇ ಅದನ್ನು ತಂಪಾಗಿಡುತ್ತದೆ, ಸದ್ದೂ ಕಡಿಮೆ.

ದೊಡ್ಡ ಪಂಪು ಹಾಕಿ ಎಂದು ಹಲವರು ಕೇಳುತ್ತೀರಿ. ದಯವಿಟ್ಟು ಬೇಡ. ನಿಸ್ಸಾನಿನ 3956 ಸಿಸಿ, ಆರು ಸಿಲಿಂಡರ್ ಎಂಜಿನ್ ಸುಮಾರು 110 ಎಚ್‌ಪಿಯದು. ಪೂರ್ತಿ ಆಕ್ಸಿಲರೇಟರ್ ಒತ್ತಿ ಹಿಡಿದರೂ ಅದು ಗಂಟೆಗೆ ಸುಮಾರು 34 ಲೀಟರ್ ಕುಡಿಯುತ್ತದೆ. ಗಂಟೆಗೆ 255 ಲೀಟರ್ ಕೊಡುವ ಪಂಪು ಹಾಕಿದರೆ ಉಳಿದದ್ದೆಲ್ಲ ಸುಮ್ಮನೆ ಸುತ್ತಿ ಸುತ್ತಿ ಟ್ಯಾಂಕನ್ನು ಬಿಸಿ ಮಾಡುತ್ತದೆ, ಕರೆಂಟನ್ನೂ ತಿನ್ನುತ್ತದೆ. 4 ಬಾರ್‌ನಲ್ಲಿ ಗಂಟೆಗೆ 100 ಲೀಟರ್ ಕೊಡುವ ಪಂಪು ಧಾರಾಳ. ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರನ್ನೂ ಟ್ಯಾಂಕಿನ ಬಳಿಯೇ ಇಡುತ್ತೇವೆ. ಎಂಜಿನ್‌ಗೆ ಹೋಗುವುದು ಒಂದೇ ಪೈಪು, ಕಾದ ಪೆಟ್ರೋಲ್ ತಿರುಗಿ ಬರುವುದಿಲ್ಲ. ಥ್ರಾಟಲ್ ಬಾಡಿಯಲ್ಲಿ ಇಂಜೆಕ್ಟರ್ ಥ್ರಾಟಲ್ ತಟ್ಟೆಯ ಮೇಲ್ಗಡೆ ಸಿಂಪಡಿಸುವುದರಿಂದ ರೆಗ್ಯುಲೇಟರಿಗೆ ವ್ಯಾಕ್ಯೂಮ್ ಪೈಪು ಜೋಡಿಸುವ ಅಗತ್ಯವಿಲ್ಲ.

ಟ್ಯಾಂಕಿಗೆ ತೂತು ಕೊರೆಯುವ ವಿಚಾರ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆಲ್ಲ ಆವಿ. ಹಬೆಯಲ್ಲಿ ತೊಳೆದು, ನೀರು ತುಂಬಿಸಿ, ಆಮೇಲೆಯೇ ಕೈಯಿಂದ ಕೊರೆಯುತ್ತೇವೆ. ವೆಲ್ಡಿಂಗ್ ಮಾಡುವುದಿಲ್ಲ, ಪಂಪಿನ ಮುಚ್ಚಳವನ್ನು ರಿಂಗ್ ಮತ್ತು ಗ್ಯಾಸ್ಕೆಟ್‌ನಿಂದ ಕೂರಿಸುತ್ತೇವೆ. ಪಂಪಿನ ಕೆಳಗಿನ ಜಾಲರಿ ಟ್ಯಾಂಕಿನ ತಳವನ್ನು ಮುಟ್ಟಲೇಬೇಕು. ಎರಡು ಬೆರಳು ಮೇಲಿದ್ದರೂ ಘಾಟಿಯಲ್ಲಿ ಗಾಳಿ ಎಳೆಯುತ್ತದೆ. ಒಳಗೆ ತುಕ್ಕು ಪದರಪದರವಾಗಿ ಎದ್ದಿದ್ದರೆ ಆ ಟ್ಯಾಂಕನ್ನು ಬಳಸುವುದಿಲ್ಲ, ಹೊಸದು ಮಾಡಿಸುತ್ತೇವೆ.

ಈಗ ಬಂಕಿನಲ್ಲಿ ಸಿಗುವುದು 20% ಎಥೆನಾಲ್ ಬೆರೆತ ಇ20. ಹಳೆ ರಬ್ಬರ್ ಪೈಪನ್ನು ಉದ್ದಕ್ಕೆ ಸೀಳಿ ಒಳಗೆ ಬೆರಳು ಆಡಿಸಿ ನೋಡಿ: ಗೋಡೆ ಉಬ್ಬಿ ಮೆತ್ತಗಾಗಿರುತ್ತದೆ, ಬೆರಳಿಗೆ ಕಾಡಿಗೆಯಂತೆ ಕಪ್ಪು ಹತ್ತುತ್ತದೆ. ಆ ಕಪ್ಪು ಇಂಜೆಕ್ಟರಿನ ಬಾಯಿಗೆ ಬಂದು ಕೂರುತ್ತದೆ. ಹಾಗಾಗಿ ಕಾರ್ಬ್ಯುರೇಟರ್ ಕಾಲದ ಪೈಪು ಒಂದು ಗೇಣೂ ಉಳಿಯಬಾರದು. ಇಂಜೆಕ್ಷನ್ ಪೈಪಿನ ದರ್ಜೆಯಾದ ಎಸ್‌ಎಇ ಜೆ30 ಆರ್9 ಎಂದು ಅಚ್ಚಾದ ಪೈಪು ಮಾತ್ರ ಹಾಕುತ್ತೇವೆ, ಮುಳುಗಿರುವ ತುಂಡಿಗೆ ಆರ್10, ಏಕೆಂದರೆ ಆರ್9ನ ಹೊರಪದರ ಪೆಟ್ರೋಲಿನಲ್ಲಿ ನೆನೆಯಲು ಮಾಡಿದ್ದಲ್ಲ. ಪಂಪಿನ ನಂತರ 10 ಮೈಕ್ರಾನ್ ಫಿಲ್ಟರ್.

ಉಳಿದ ಕೆಲಸ ಮೊದಲಿನಂತೆಯೇ. ಆದರೆ ಒಂದು ಷರತ್ತನ್ನು ಇನ್ನು ಸಡಿಲಿಸುವುದಿಲ್ಲ: ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯೇರುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಕವಾಟ. ಎಂಜಿನ್ ಬಿಸಿಯಾಗುತ್ತದೆಂದು ಅದನ್ನು ಕಿತ್ತೆಸೆದ ಗಾಡಿಗಳೇ ಹೆಚ್ಚು. ನೀರು ಬಿಸಿಯೇರದಿದ್ದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು ಪೆಟ್ರೋಲ್ ಹೆಚ್ಚು ಸುರಿಯುತ್ತಲೇ ಇರುತ್ತದೆ. ಮೈಲೇಜ್ ಹೋಗುತ್ತದೆ, ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹೋಗುತ್ತದೆ, ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ. 82 ಡಿಗ್ರಿಯ ಥರ್ಮೋಸ್ಟಾಟ್ ಹಾಕಿಯೇ ಗಾಡಿ ಕೊಡುತ್ತೇವೆ. ರೇಡಿಯೇಟರ್ ಕಟ್ಟಿದ್ದರೆ ಮೊದಲು ಅದನ್ನು ಸರಿಮಾಡಿಸಬೇಕು.

ಡೈನಮೋ ಇರುವ ಗಾಡಿಗೆ ಆಲ್ಟರ್ನೇಟರ್ ಕಡ್ಡಾಯ. ಸೈಲೆನ್ಸರ್ ಪೈಪಿನ ಜಾಯಿಂಟು ಸೋರಬಾರದು, ಹೊರಗಿನ ಗಾಳಿ ಸೇರಿದರೆ ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಕಡಿಮೆಯಿದೆ ಎಂದು ತಪ್ಪು ಓದುತ್ತದೆ. ಕಂಪ್ರೆಶನ್ ಬಿದ್ದ ಎಂಜಿನ್‌ಗೆ ಇಂಜೆಕ್ಷನ್ ಔಷಧವಲ್ಲ, ಮೊದಲು ಪಿಸ್ಟನ್ ರಿಂಗ್ ಕೆಲಸ.

ಈಗಾಗಲೇ ಚಾಸಿ ಮೇಲೆ ಪಂಪು ಹಾಕಿಸಿಕೊಂಡವರು ಗಾಬರಿಯಾಗಬೇಡಿ. ಬೇಸಿಗೆಯಲ್ಲಿ ಅರ್ಧ ಟ್ಯಾಂಕಿಗಿಂತ ಕೆಳಗೆ ಬಿಡಬೇಡಿ. ಪಂಪಿನ ಗುಂಯ್ ಸದ್ದು ದಿನೇದಿನೇ ಏರುತ್ತಿದ್ದರೆ ಪಂಪಿಗೆ ಮುಂಚಿನ ಜಾಲರಿ ಕಟ್ಟಿದೆ ಎಂದರ್ಥ, ಕೂಡಲೇ ತೋರಿಸಿ. ಬದಲಾಯಿಸಿಕೊಳ್ಳುವುದಾದರೆ ನಿಮ್ಮ ಥ್ರಾಟಲ್ ಬಾಡಿ, ಇಸಿಯು, ಸೆನ್ಸರ್‌ಗಳು ಹಾಗೆಯೇ ಉಳಿಯುತ್ತವೆ. ಟ್ಯಾಂಕಿನ ಕೆಲಸ, ಪಂಪು, ಪೈಪು ಇಷ್ಟೇ ಹೊಸದು. ಮೇ ಶುರುವಾಗುವ ಮೊದಲೇ ಬಂದರೆ ಒಳ್ಳೆಯದು.

ಗಾಡಿ ತರುವಾಗ ಟ್ಯಾಂಕಿನಲ್ಲಿ ಐದು ಲೀಟರ್ ಮೀರದಿರಲಿ, ಆರ್‌ಸಿ ಮತ್ತು ಪಿಯುಸಿ ಜೊತೆಗಿರಲಿ. ಬಿಚ್ಚಿದ ಕಾರ್ಬ್ಯುರೇಟರ್, ಮೆಕ್ಯಾನಿಕಲ್ ಪಂಪು ಎರಡನ್ನೂ ಎಣ್ಣೆ ಸವರಿ ಚೀಲದಲ್ಲಿ ಕಟ್ಟಿ ನಿಮಗೇ ಕೊಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ವರ್ಕ್‌ಶಾಪಿನ ಎಲ್ಲರೂ