ಶನಿವಾರ ಗುಡವಿ ಕೆರೆಗೆ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ, ನಮಸ್ಕಾರ.

ಬರುವ ಶನಿವಾರ ಆರು, ಏಳನೇ ತರಗತಿಯ ಮಕ್ಕಳನ್ನು ಗುಡವಿ ಪಕ್ಷಿಧಾಮಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ. ವ್ಯಾನು ಶಾಲೆ ಗೇಟಿನಿಂದ ಬೆಳಗ್ಗೆ ಆರಕ್ಕೇ ಹೊರಡುತ್ತದೆ, ಕಾಯುವುದಿಲ್ಲ.

"ಈಗೇನಿದೆ ಸಾರ್ ಅಲ್ಲಿ, ಮಳೆಗಾಲದಲ್ಲಿ ಹೋಗಬೇಕಿತ್ತು ಅಲ್ವಾ?" ಅಂತ ಮೊನ್ನೆ ಒಬ್ಬರು ಕೇಳಿದರು. ಮಾತು ಸರಿ. ಮಳೆಗಾಲದಲ್ಲಿ ಬಿಳಿ ಕೆಂಬರಲುಗಳು (ಐಬಿಸ್ ಹಕ್ಕಿಗಳು) ಗೂಡು ಕಟ್ಟಿ ಮರಗಳೆಲ್ಲ ಬೆಳ್ಳಗಾಗಿರುತ್ತವೆ, ಈಗ ಆ ಗದ್ದಲ ಇಲ್ಲ. ಆದರೆ ಫೆಬ್ರವರಿಯಲ್ಲಿ ನೀರು ಇಳಿದು ಕೆರೆಯಂಚಿನ ಕೆಸರು ತೆರೆದುಕೊಳ್ಳುತ್ತದೆ. ಚಳಿಗಾಲಕ್ಕೆ ಉತ್ತರದಿಂದ ಬಂದ, ಬಾಲ ಕುಣಿಸುವ ಕುಂಡೆಕುಸ್ಕ ಹಕ್ಕಿಗಳು ವಾಪಸ್ ಹೋಗುವ ಮೊದಲು ಹೊಟ್ಟೆ ತುಂಬಿಸಿಕೊಳ್ಳುವ ಸಮಯ ಇದು. ನೀರುಕಾಗೆ ರೆಕ್ಕೆ ಹರಡಿ ಯಾಕೆ ನಿಲ್ಲುತ್ತದೆ ಅಂತ ಮಕ್ಕಳನ್ನೇ ಕೇಳಿ ನೋಡಿ. ಬಾತಿನ ಗರಿ ಮೇಲೆ ನೀರು ಜಾರಿಹೋಗುತ್ತದೆ, ಇದರದ್ದು ನೆನೆದುಬಿಡುತ್ತದೆ, ಒಣಗಿಸಲೇಬೇಕು. ಇಪ್ಪತ್ತು ಹೆಸರು ಬಾಯಿಪಾಠ ಮಾಡುವುದಕ್ಕಿಂತ ಒಂದೇ ಹಕ್ಕಿಯನ್ನು ಅರ್ಧ ಗಂಟೆ ನೋಡಿದರೆ ನನಗೆ ಸಾಕು.

ಇನ್ನು ನಿಮ್ಮ ನಿಜವಾದ ಚಿಂತೆ ನನಗೆ ಗೊತ್ತು, ಮಂಗನ ಕಾಯಿಲೆ. 1957ರಲ್ಲಿ ಅದು ಗುರುತಿಗೆ ಬಂದ ಕ್ಯಾಸನೂರು ಗುಡವಿ ಇರುವ ಇದೇ ಸೊರಬ ತಾಲ್ಲೂಕಿನದು, ಅದನ್ನು ಹರಡುವ ಉಣುಗಿನ ಕಾಟ ಜಾಸ್ತಿಯಾಗುವುದೂ ಈ ತಿಂಗಳುಗಳಲ್ಲೇ. ಹಾಗಾಗಿ ಕಾಡಿನೊಳಗೆ ಯಾರೂ ಕಾಲಿಡುವುದಿಲ್ಲ, ತರಗೆಲೆ ಮೇಲೆ ಕೂರುವಂತಿಲ್ಲ, ಕೆರೆ ಪಕ್ಕದ ದಾರಿ ಮತ್ತು ವೀಕ್ಷಣಾ ಗೋಪುರ ಅಷ್ಟೇ. ಸುತ್ತಮುತ್ತ ಎಲ್ಲಾದರೂ ಮಂಗ ಸತ್ತ ಸುದ್ದಿ ಬಂದರೆ ಹೋಗುವುದೇ ಇಲ್ಲ. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ಶೂ ಹಾಕಿಸಿ, ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿಯೇ ಕಳಿಸಿ (ಮಕ್ಕಳು ನಾಚಿಕೊಳ್ಳುತ್ತಾರೆ, ನಾನೂ ಹಾಗೇ ಬರುತ್ತೇನೆ ಅಂತ ಹೇಳಿ). ಮೈಗೆ ಹಚ್ಚುವ ಎಣ್ಣೆ ನಾವೇ ತರುತ್ತೇವೆ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಆಮೇಲೆ ಒಂದೆರಡು ವಾರದೊಳಗೆ ಜ್ವರ ಬಂದರೆ ಗುಳಿಗೆ ಕೊಟ್ಟು ಸುಮ್ಮನಾಗಬೇಡಿ, ಆಸ್ಪತ್ರೆಗೆ ಹೋಗಿ, ಗುಡವಿಗೆ ಹೋಗಿದ್ದನ್ನೂ ಡಾಕ್ಟರಿಗೆ ಹೇಳಿ.

ತಿಂಡಿಗೆ ಡಬ್ಬಿಯಲ್ಲಿ ಚಪಾತಿಯೋ ಅವಲಕ್ಕಿಯೋ ಇರಲಿ. ಚಿಪ್ಸ್ ಪ್ಯಾಕೆಟ್ ಮಾತ್ರ ಬೇಡವೇ ಬೇಡ. ಹೋದ ವರ್ಷ ಶಿಳ್ಳೆ ಬಾತುಗಳ ಹಿಂಡೊಂದು ಹತ್ತಿರದಲ್ಲೇ ತೇಲುತ್ತಿತ್ತು, ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದೆವು. ಯಾರೋ ಪರಪರ ಅಂತ ಪ್ಯಾಕೆಟ್ ಹರಿದರು, ಅಷ್ಟೂ ಹಾರಿಹೋದವು. ಹರಿದದ್ದು ಮಕ್ಕಳಲ್ಲ, ನಮ್ಮ ಸ್ಟಾಫೇ.

ಕೆಂಪು, ಬಿಳಿ ಅಂಗಿ ಬೇಡ, ಮಾಸಲು ಬಣ್ಣದ್ದು ಹುಡುಕಿ. ಯಾರ ಮನೆಯಲ್ಲಾದರೂ ದುರ್ಬೀನು ಇದ್ದರೆ ಕೊಟ್ಟು ಕಳಿಸಿ, ಶಾಲೆಯಲ್ಲಿ ಎರಡೇ ಇವೆ. ಒಪ್ಪಿಗೆ ಚೀಟಿ ಗುರುವಾರದೊಳಗೆ ಬರಲಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕ