ಮಗು ನೋಡಲು ಹೋಗುವ ಮುಂಚೆ ಇದನ್ನೊಮ್ಮೆ ಓದು

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ಓದಿದೆ. ಗೆಳತಿಗೆ ಎರಡನೇ ಮಗು ಆಗಿದೆ, ಏನು ತಗೊಂಡು ಹೋಗಲಿ ದೊಡ್ಡಮ್ಮ ಅಂತ ಕೇಳಿದ್ದೀಯ. ಕಳಿಸಿದ ಫೋಟೋಗಳನ್ನೂ ನೋಡಿದೆ. ಕತ್ತಿಗೆ ಉದ್ದ ರಿಬ್ಬನ್ ಇರುವ ಫ್ರಾಕು, ದೊಡ್ಡ ಕರಡಿ ಗೊಂಬೆ, ತೊಟ್ಟಿಲಿಗೆ ಹಾಕುವ ದಿಂಬು ಹೊದಿಕೆಯ ಸೆಟ್ಟು. ನೋಡಲು ಮೂರೂ ಚೆನ್ನಾಗಿವೆ, ಆದರೆ ಮೂರೂ ಬೇಡ ಅಂತ ಹೇಳುತ್ತೇನೆ. ಇಷ್ಟು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು, ಹೇಳದೆ ಸುಮ್ಮನಿರಲು ಆಗುವುದಿಲ್ಲ.

ಮೊದಲು ಆ ಮನೆಯಲ್ಲಿ ಈಗ ಏನು ನಡೆಯುತ್ತಿದೆ ಅಂತ ಯೋಚನೆ ಮಾಡು. ಹುಟ್ಟಿದ ಮಗು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ ನಿಜ, ಆದರೆ ಒಂದೇ ಸಮನೆ ಮಲಗುವುದಿಲ್ಲ. ಹೊಟ್ಟೆ ಪುಟ್ಟದು, ಎರಡು ಮೂರು ಗಂಟೆಗೊಮ್ಮೆ ಹಸಿವು. ದಿನಕ್ಕೆ 8ರಿಂದ 12 ಸಲ ಹಾಲು ಕುಡಿಸಬೇಕು, ಹಗಲು ರಾತ್ರಿ ಅನ್ನುವುದೇ ಇಲ್ಲ. ಹಾಲು ಕುಡಿಸಿ, ತೇಗು ಬರಿಸಿ, ಒದ್ದೆ ಬಟ್ಟೆ ಬದಲಿಸಿ, ಮಲಗಿಸಿ, ತಾನೂ ತಲೆ ಇಡಬೇಕು ಅನ್ನುವಷ್ಟರಲ್ಲಿ ಮತ್ತೆ ಅಳು. ಇದರ ಮಧ್ಯೆ ಅವಳ ಮೈಯ ಗಾಯವೂ ಮಾಯಬೇಕು, ಅದಕ್ಕೆ ಕಮ್ಮಿ ಅಂದರೂ ಆರು ವಾರ ಬೇಕು. ಸಿಸೇರಿಯನ್ ಆಗಿದ್ದರೆ ಇನ್ನೂ ಜಾಸ್ತಿ. ಈ ಹೊತ್ತಿನಲ್ಲಿ ಅವರ ಕೈಗೆ ಏನು ಸಿಕ್ಕರೆ ಕೆಲಸ ಒಂಚೂರು ಹಗುರ ಆಗುತ್ತದೆ? ಅದನ್ನು ಹುಡುಕು. ಉಡುಗೊರೆ ವಿಷಯದಲ್ಲಿ ನಾನು ಹೇಳಬೇಕಾಗಿರುವುದು ಮುಖ್ಯವಾಗಿ ಇಷ್ಟೇ.

ದಿಂಬಿನ ಸೆಟ್ಟು ಯಾಕೆ ಬೇಡ ಅಂದರೆ, ಒಂದು ವರ್ಷ ತುಂಬುವ ತನಕ ಮಗು ಮಲಗುವ ಜಾಗದಲ್ಲಿ ದಿಂಬು, ದಪ್ಪ ಹೊದಿಕೆ, ಮೆತ್ತನೆ ಗೊಂಬೆ ಯಾವುದೂ ಇರಬಾರದು. ಮೂಗು ಬಾಯಿ ಮುಚ್ಚಿದರೆ ಪಕ್ಕಕ್ಕೆ ಸರಿಸುವ ಶಕ್ತಿ ಅದಕ್ಕೆ ಇರುವುದಿಲ್ಲ. ಗಟ್ಟಿಯಾದ, ಸಮತಟ್ಟಾದ ಹಾಸಿಗೆ, ಅದರ ಮೇಲೆ ಬಿಗಿಯಾಗಿ ಕೂರುವ ಹಾಸುಬಟ್ಟೆ, ಅಂಗಾತ ಮಲಗಿಸುವುದು, ಇಷ್ಟೇ. ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಅಂಗಾತ ಮಲಗಿಸಿ ಅಂತ ದೊಡ್ಡ ಪ್ರಚಾರ ಶುರು ಮಾಡಿದರು. ಮುಂದಿನ ಹತ್ತು ವರ್ಷದಲ್ಲಿ, ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುತ್ತಿದ್ದ ಕೂಸುಗಳ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಕರಡಿ ಗೊಂಬೆಗೂ ಇದೇ ಮಾತು. ರಿಬ್ಬನ್ ಫ್ರಾಕು ಬೇಡ ಅಂದಿದ್ದೂ ಕತ್ತಿನ ಹತ್ತಿರ ದಾರ, ಲಾಡಿ ಇರಬಾರದು ಅಂತಲೇ.

ಬಟ್ಟೆ ಕೊಡಲೇಬೇಕು ಅನಿಸಿದರೆ ಹುಟ್ಟಿದ ಮಗುವಿನ ಅಳತೆ ತರಬೇಡ, ಅದನ್ನು ಎಲ್ಲರೂ ತಂದಿರುತ್ತಾರೆ. ಐದು ತಿಂಗಳ ಸುಮಾರಿಗೆ ಮಗುವಿನ ತೂಕ ಹುಟ್ಟಿದಾಗಿನ ಎರಡರಷ್ಟು ಆಗುತ್ತದೆ, ವರ್ಷ ತುಂಬುವಾಗ ಮೂರರಷ್ಟು. ಈಗಿನ ಅಂಗಿ ಕೆಲವೇ ವಾರಕ್ಕೆ ಬಿಗಿ. 6ರಿಂದ 9 ತಿಂಗಳದ್ದೋ, 9ರಿಂದ 12 ತಿಂಗಳದ್ದೋ ತಗೋ, ಮತ್ತು ಆ ವಯಸ್ಸಿಗೆ ಬರುವಾಗ ಚಳಿ ಇರುತ್ತದಾ ಸೆಕೆ ಇರುತ್ತದಾ ಅಂತ ಬೆರಳಲ್ಲಿ ತಿಂಗಳು ಎಣಿಸಿ ನೋಡು, ಯಾಕೆಂದರೆ ಚಳಿಗಾಲದ ಸ್ವೆಟರಿನ ಅಳತೆ ಬೇಸಿಗೆಯಲ್ಲಿ ಸರಿಹೊಂದಿದರೆ ಅದು ಕಪಾಟಿನಲ್ಲೇ ಉಳಿಯುತ್ತದೆ. ಮೆತ್ತನೆ ಹತ್ತಿ ಬಟ್ಟೆ ಇರಲಿ, ಮುಂದುಗಡೆ ಬಿಚ್ಚುವ ಹಾಗಿರಲಿ. ನಡುರಾತ್ರಿ ಅಳುವ ಕೂಸಿನ ತಲೆ ಮೇಲಿಂದ ಅಂಗಿ ಎಳೆಯುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಡೈಪರ್ ಕೊಡುವುದಾದರೂ ಮುಂದಿನ ಸೈಜಿನದು ಕೊಡು, ಅದು ಖಂಡಿತ ಖರ್ಚಾಗುತ್ತದೆ. ಚೆಂದದ ಉಡುಗೊರೆ ಅಲ್ಲ ಅಂತ ಸಂಕೋಚ ಪಡಬೇಡ.

ಆಟಿಕೆಗೆ ಈಗ ಅವಸರ ಇಲ್ಲ. ಹುಟ್ಟಿದ ಮಗುವಿಗೆ 20ರಿಂದ 30 ಸೆಂಟಿಮೀಟರ್ ದೂರದ ತನಕ ಮಾತ್ರ ಸುಮಾರಾಗಿ ಕಾಣುತ್ತದೆ. ಹಾಲು ಕುಡಿಯುವಾಗ ಅಮ್ಮನ ಮುಖ ಇರುವುದೂ ಅಷ್ಟೇ ದೂರದಲ್ಲಿ ಅಲ್ವಾ, ಅದಕ್ಕೆ ಸದ್ಯಕ್ಕೆ ಆ ಮುಖ ಸಾಕು. ಕಪ್ಪು ಬಿಳುಪಿನ ದೊಡ್ಡ ಚಿತ್ರಗಳಿರುವ ಬಟ್ಟೆ ಪುಸ್ತಕ ಆಗಬಹುದು, ಅದು ಮುಂದೆ ಕಚ್ಚಿ ಎಳೆದಾಡಲೂ ಬರುತ್ತದೆ.

ಅವಳ ದೊಡ್ಡ ಮಗನಿಗೆ ಈಗ ಮೂರು ವರ್ಷ ಅಲ್ವಾ? ಅವನನ್ನು ಮಾತ್ರ ಮರೆಯಬೇಡ. ಬಂದವರೆಲ್ಲ ತಂಗಿಯ ಕಡೆಗೇ ಹೋಗುವುದನ್ನು ಅವನು ಇಡೀ ದಿನ ನೋಡುತ್ತಿರುತ್ತಾನೆ. ನೀನು ಒಳಗೆ ಕಾಲಿಟ್ಟ ಕೂಡಲೇ ಮೊದಲು ಅವನ ಹೆಸರು ಹಿಡಿದು ಮಾತಾಡಿಸು, ಅವನ ಉಡುಗೊರೆ ಅವನ ಕೈಗೇ ಕೊಡು, ಸ್ವಲ್ಪ ಹೊತ್ತು ಅವನ ಜೊತೆ ನೆಲದ ಮೇಲೆ ಕೂತು ಆಡು. ಕೂಸು ನೋಡುವುದು ಆಮೇಲೆ. ಅವನೇ ನಿನ್ನನ್ನು ಕೈ ಹಿಡಿದು ತಂಗಿ ಹತ್ತಿರ ಕರೆದುಕೊಂಡು ಹೋಗಲಿ. ಇದು ಗೆಳತಿಗೂ ಎಷ್ಟು ಸಮಾಧಾನ ಕೊಡುತ್ತದೆ ಅಂತ ಹೇಳಲಾರೆ, ಯಾಕೆಂದರೆ ಅವಳ ಮನಸ್ಸು ಅರ್ಧ ಅವನ ಮೇಲೇ ಇರುತ್ತದೆ. ಆದರೆ ಅವನಿಗೆ ತರುವ ಆಟಿಕೆಯಲ್ಲಿ ಸಣ್ಣ ಚೂರುಗಳು ಬೇಡ. ಟಾಯ್ಲೆಟ್ ಪೇಪರಿನ ಒಳಗಿನ ರಟ್ಟಿನ ಕೊಳವೆಯಲ್ಲಿ ತೂರಿ ಹೋಗುವ ಯಾವ ವಸ್ತುವೂ ಪುಟ್ಟ ಮಕ್ಕಳ ಗಂಟಲಲ್ಲಿ ಸಿಕ್ಕಬಹುದು. ಕೆಲವೇ ತಿಂಗಳಲ್ಲಿ ಕೂಸು ತೆವಳಲು ಶುರು ಮಾಡಿ ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಬಟನ್ ಬ್ಯಾಟರಿ ಇರುವ ಆಟಿಕೆ ಅಂತೂ ಬೇಡವೇ ಬೇಡ. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡುತ್ತದೆ.

ಇನ್ನು ತಾಯಿಗೆ. ಎಲ್ಲರೂ ಕೂಸಿಗೆ ತರುತ್ತಾರೆ, ಹೆತ್ತವಳಿಗೆ ತರುವವರು ಕಮ್ಮಿ. ಒಂದು ಕೈಯಲ್ಲಿ ಮಗು ಇದ್ದಾಗ ಇನ್ನೊಂದು ಕೈಯಲ್ಲಿ ಎತ್ತಿ ಕುಡಿಯಬಹುದಾದ ಸ್ಟ್ರಾ ಇರುವ ನೀರಿನ ಬಾಟಲಿ, ಹಾಸಿಗೆಯ ತನಕ ಬರುವ ಉದ್ದ ವೈರಿನ ಚಾರ್ಜರ್, ಕಣ್ಣಿಗೆ ಚುಚ್ಚದ ಮಂದ ಬೆಳಕಿನ ದೀಪ, ಮುಂದೆ ಗುಂಡಿ ಇರುವ ಮೆತ್ತನೆ ನೈಟಿ. ನೋಡಲು ಸಾಮಾನ್ಯ ವಸ್ತುಗಳು, ಆದರೆ ದಿನವೂ ಕೈಗೆ ಬರುತ್ತವೆ. ಹಾಲಿನ ಪುಡಿ, ಹಾಲಿನ ಬಾಟಲಿ ಮಾತ್ರ ಅವರು ಕೇಳದೆ ಕೊಡಬೇಡ. ಎದೆಹಾಲು ಕುಡಿಸಲು ಒದ್ದಾಡುತ್ತಿರುವವಳಿಗೆ ಅದು "ನಿನ್ನಿಂದ ಆಗಲ್ಲ" ಅಂದ ಹಾಗೆ ಕೇಳಿಸುತ್ತದೆ. ಹಾಗೆಯೇ, ಅವಳು ಪುಡಿ ಹಾಲು ಕೊಡುತ್ತಿದ್ದರೆ ಯಾಕೆ ಅಂತ ಕೇಳಲೂ ಬೇಡ.

ವಸ್ತುಗಿಂತ ಜಾಸ್ತಿ ಬೇಕಾಗಿರುವುದು ಕೆಲಸಕ್ಕೆ ಇನ್ನೊಂದು ಜೊತೆ ಕೈ. ಆದರೆ "ಏನಾದರೂ ಬೇಕಿದ್ದರೆ ಹೇಳು" ಅಂತ ಬಿಟ್ಟುಬಿಡಬೇಡ, ಏನು ಹೇಳಲಿ ಅಂತ ಯೋಚಿಸುವ ಕೆಲಸವೂ ಅವಳ ತಲೆಗೇ ಬರುತ್ತದೆ. "ಶನಿವಾರ ಬೆಳಿಗ್ಗೆ ಬಂದು ದೊಡ್ಡವನನ್ನು ಎರಡು ಗಂಟೆ ಆಡಿಸಿಕೊಂಡು ಬರುತ್ತೇನೆ, ಆಗಬಹುದಾ?" ಅಂತ ದಿನ, ಹೊತ್ತು, ಕೆಲಸ ಎಲ್ಲಾ ನೀನೇ ಹೇಳು. ಅವಳು ಹೂಂ ಅಂದರೆ ಸಾಕು. ಬಟ್ಟೆ ಮಡಚುವುದು, ಪಾತ್ರೆ ತೊಳೆಯುವುದು, ಅವಳು ನಿಧಾನವಾಗಿ ಸ್ನಾನ ಮಾಡಿ ಬರುವ ತನಕ ಕೂಸನ್ನು ಎತ್ತಿಕೊಂಡಿರುವುದು, ಏನಾದರೂ ಆಗಬಹುದು.

ಒಬ್ಬಳೇ ಸಿಕ್ಕಾಗ ನೀನು ಹೇಗಿದ್ದೀಯ ಅಂತ ಕೇಳು, ಕೇಳಿ ಸುಮ್ಮನೆ ಕೂತಿರು. ಮೊದಲ ಕೆಲವು ದಿನ ಕಾರಣ ಇಲ್ಲದೆ ಅಳು ಬರುವುದು ಬಹಳ ಜನರಿಗೆ ಆಗುತ್ತದೆ, ತಾನಾಗಿ ಹೋಗುತ್ತದೆ. ಎರಡು ವಾರ ದಾಟಿದ ಮೇಲೂ ಹಾಗೇ ಇದ್ದರೆ, ಮಗು ಮಲಗಿದಾಗಲೂ ಅವಳಿಗೆ ನಿದ್ದೆ ಬಾರದಿದ್ದರೆ, ಯಾವುದರ ಮೇಲೂ ಮನಸ್ಸಿಲ್ಲ ಅಂದರೆ ಡಾಕ್ಟರ ಹತ್ತಿರ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆಗಷ್ಟೇ ಹೆತ್ತವರಲ್ಲಿ ನೂರಕ್ಕೆ ಸುಮಾರು 13 ಜನರಿಗೆ ಮನಸ್ಸಿನ ಕಾಯಿಲೆ ಬರುತ್ತದೆ, ಅದರಲ್ಲಿ ಹೆಚ್ಚಿನದು ಖಿನ್ನತೆ. ಅಂಥದ್ದು ಕಂಡರೆ ಅವಳ ಗಂಡನಿಗೆ ಹೇಳು, ಜೊತೆಗೆ ಆಸ್ಪತ್ರೆಗೂ ಹೋಗು.

ಹೋಗುವ ದಿನ ನಿನಗೆ ಚೂರು ಶೀತ, ಕೆಮ್ಮು ಇದ್ದರೂ ಹೋಗುವುದನ್ನು ಮುಂದಕ್ಕೆ ಹಾಕು. ಹೋದ ಕೂಡಲೇ ಸೋಪು ಹಾಕಿ ಕೈ ತೊಳಿ, ಸೆಂಟು ಹಾಕಬೇಡ, ಕೂಸಿನ ಮುಖಕ್ಕೆ ಮುತ್ತು ಕೊಡಬೇಡ. ಫೋಟೋ ತೆಗೆದರೂ ಅವರನ್ನು ಕೇಳದೆ ಎಲ್ಲೂ ಹಾಕಬೇಡ. ಕೊಂಡಿದ್ದರ ಬಿಲ್ಲನ್ನು ಪ್ಯಾಕೆಟ್ಟಿನಲ್ಲೇ ಇಟ್ಟುಬಿಡು, ಅಳತೆ ಸರಿಯಿಲ್ಲದಿದ್ದರೆ ಬದಲಿಸಿಕೊಳ್ಳುತ್ತಾರೆ.

ಇವತ್ತೇ ಅವಳ ಗಂಡನಿಗೆ ಫೋನ್ ಮಾಡಿ ಮನೆಯಲ್ಲಿ ಏನು ಇದೆ, ಏನು ಇಲ್ಲ ಅಂತ ಕೇಳು. ಕೇಳಿದ ಮೇಲೆ ನನಗೂ ತಿಳಿಸು, ಸ್ವೆಟರ್ ಬೇಕು ಅಂದರೆ ಒಂಬತ್ತು ತಿಂಗಳ ಅಳತೆಗೆ ನಾನೇ ಹೆಣೆದು ಕೊಡುತ್ತೇನೆ.

ನಿನ್ನ,
ದೊಡ್ಡಮ್ಮ