ಅದು ಬರೀ ಸುಸ್ತಲ್ಲ

ಮಾನ್ಯರೇ,

ಹೋದ ತಿಂಗಳು ನಮ್ಮತ್ತೆ ಕೈಯಿಂದ ಕಾಫಿ ಲೋಟ ಜಾರಿತು, ಮಾತು ತೊದಲಿತು. ‘ಸುಸ್ತಾಗಿರಬೇಕು, ಮಲಗಲಿ’ ಅಂದೆವು. ಆಗಿದ್ದು ಪಾರ್ಶ್ವವಾಯು. ಮಾವನಿಗೆ ಬಾಯಿ ಸೊಟ್ಟಗಾದಾಗ ಹತ್ತೇ ನಿಮಿಷದಲ್ಲಿ ಆಟೋ ಹತ್ತಿಸಿದ್ದೆವು!

ಪಾರ್ಶ್ವವಾಯುವಿಗೆ ಒಂದು ಕಾರಣ, ಕತ್ತಿನ ರಕ್ತನಾಳದಲ್ಲಿ ಕೊಬ್ಬು ಕಟ್ಟುವುದು. ಇದು ಗಂಡಸರಲ್ಲಿ ಬೇಗ, ಜಾಸ್ತಿ. ಆ ಕೊಬ್ಬಿನ ಪದರದೊಳಗೆ ರಕ್ತ ಒಸರುವುದೂ ಅವರಲ್ಲೇ ಹೆಚ್ಚು, ನಿಜ. ಆದರೆ ಮುಟ್ಟು ನಿಂತ ಮೇಲೆ ಹೆಂಗಸರಿಗೂ ಅಪಾಯ ಏರುತ್ತದೆ. ಹೃದಯದ ಬಡಿತ ತಾಳ ತಪ್ಪಿ, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗಿ ಸಿಕ್ಕಿಕೊಳ್ಳುವುದು ಅವರಲ್ಲಿ ಜಾಸ್ತಿ. ಆಗ ಕತ್ತಿನ ಸ್ಕ್ಯಾನ್ ಚೆನ್ನಾಗಿಯೇ ಇರಬಹುದು.

ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ 4.5 ಗಂಟೆಯಷ್ಟೇ ಗಡುವು. ನಾವು 3 ಗಂಟೆ ಸುಮ್ನೆ ಮನೆಯಲ್ಲೇ ಕಳೆದೆವು. ಜಾಗೃತಿ ಪೋಸ್ಟರ್‌ಗಳಲ್ಲಿ ಕಾಣುವುದು ಹೆಚ್ಚಾಗಿ ಗಂಡಸಿನ ಚಿತ್ರವೇ. ಒಂದರಲ್ಲಾದರೂ ಲೋಟ ಜಾರಿಸಿಕೊಂಡ ಹೆಂಗಸು ಇರಲಿ, ಅಲ್ವಾ?

– ಓದುಗರೊಬ್ಬರು, ಹಾಸನ